ವಾಲಿಗೆ ಅರ್ಥ ಹೇಳುವವರು

(ಆಟಿ ತಿಂಗಳ ಒಂದು ಮಧ್ಯಾಹ್ನ. ಪುತ್ತೂರು ಪರ್ಲಡ್ಕದ ಬಾಲವನ, ಶಿವರಾಮ ಕಾರಂತರು ದಶಕಗಳ ಕಾಲ ಬದುಕಿ ಬರೆದ ಜಾಗ. ಮಾಷ್ಟ್ರು ನಿವೃತ್ತ ಅಧ್ಯಾಪಕರು, ತಾಳಮದ್ದಳೆ ಅರ್ಥಧಾರಿ. ರಾತ್ರಿ ಪೇಟೆಯಲ್ಲಿ 'ವಾಲಿವಧೆ', ಅವರದ್ದು ವಾಲಿ. ಕತೆಗಾರ್ತಿ ಅವರ ಹಳೆಯ ವಿದ್ಯಾರ್ಥಿನಿ, ಸುಳ್ಯದ ಕಡೆಯವಳು.)

ಕತೆಗಾರ್ತಿ: ಮಾಷ್ಟ್ರೇ, ದೇವರನ್ನು ನಂಬದವರು ದೇವರ ವಿಷಯ ಬರೆದರೆ ಅದು ಸುಳ್ಳಾಗುವುದಿಲ್ಲವಾ?

ಮಾಷ್ಟ್ರು: ಯಾರ ಜಾಗದಲ್ಲಿ ಕೂತು ಕೇಳ್ತಾ ಇದ್ದಿ ಗೊತ್ತುಂಟಾ ಮಾರಾಯ್ತಿ? ಕಾರಂತರಿಗೆ ಪೂಜೆ ಪುನಸ್ಕಾರ ಬೇಡ. ಆದರೆ ಆಯುಷ್ಯದ ಅರ್ಧ ಅವರು ಕಳೆದದ್ದು ಯಕ್ಷಗಾನದ ಹಿಂದೆ. ಅಲ್ಲಿ ಇರುವವರೆಲ್ಲ ದೇವರು, ರಾಕ್ಷಸರು. 1968ರಲ್ಲಿ 'ಮೂಕಜ್ಜಿಯ ಕನಸುಗಳು' ಬಂತು, ಅದಕ್ಕೆ 1977ರ ಜ್ಞಾನಪೀಠವೂ ಬಂತು. ಅದರಲ್ಲಿ ಅಜ್ಜಿ ಮೊಮ್ಮಗ ಸುಬ್ಬರಾಯನ ಹತ್ತಿರ ಮಾತಾಡುವುದು ಯಾವುದರ ವಿಷಯ? ದೇವರುಗಳು ಎಲ್ಲಿಂದ ಬಂದರು, ಕಾಲಕಾಲಕ್ಕೆ ಹೇಗೆ ವೇಷ ಬದಲಿಸಿದರು ಅಂತ. ಸುಳ್ಳಾಯಿತಾ?

ಕತೆಗಾರ್ತಿ: ಸುಳ್ಳು ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ಆದರೆ ಅವರ ನಂಬಿಕೆ ಇಲ್ಲದಿರುವಿಕೆ ಅದರಲ್ಲಿ ಎಲ್ಲಿ ಕಾಣ್ತದೆ? ಅಜ್ಜಿಯ ಬಾಯಲ್ಲಿ ಅವರೇ ಮಾತಾಡಿದ್ದು ಅಂತಲಾ?

ಮಾಷ್ಟ್ರು: ಅಲ್ಲಿ ಹುಡುಕುವುದೇ ತಪ್ಪು. ಪಾತ್ರ ಏನು ಹೇಳಿತು ಅಂತ ನೋಡಿ ಬರೆದವನ ನಂಬಿಕೆ ಅಳೆಯಲಿಕ್ಕೆ ಹೋದರೆ ಮೋಸ ಹೋಗ್ತಿ. ಅವ ಏನನ್ನು ಇಟ್ಟುಕೊಂಡ, ಏನನ್ನು ತೆಗೆದು ಬಿಸಾಡಿದ, ಅದನ್ನು ನೋಡು. ಕಾರಂತರು ಯಕ್ಷಗಾನ ಬ್ಯಾಲೆ ಮಾಡಿದಾಗ ಏನು ತೆಗೆದರು? ಮಾತು. ರಾತ್ರಿಯಿಡೀ ಆಗುವ ಆಟವನ್ನು ಎರಡು ಮೂರು ಗಂಟೆಗೆ ಇಳಿಸಿದರು, ಅರ್ಥವನ್ನೇ ಕಿತ್ತು ಹಾಕಿದರು. ಹೆಜ್ಜೆ, ಬಣ್ಣ, ರಾಗ ಇದ್ದರೆ ಸಾಕು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸೋಫೋನು ತಂದರು. ರಾಮ ಬಂದು ಧರ್ಮ ಬೋಧಿಸುವುದು ಅವರಿಗೆ ಬೇಡ. ರಾಮ ಹೇಗೆ ಹೆಜ್ಜೆ ಇಡ್ತಾನೆ, ಅದು ಬೇಕು. ದೇವರನ್ನು ಒಂದು ಆಕಾರವಾಗಿ, ಚಲನೆಯಾಗಿ ನೋಡುವವ ಮಾತ್ರ ಹಾಗೆ ಮಾಡಿಯಾನು. ನನ್ನಂಥವನಿಗೆ ಕೈ ಬರುವುದಿಲ್ಲ.

ಕತೆಗಾರ್ತಿ: ಅದು ಹೊರಗಿನವರಿಗೆ ತೋರಿಸಲಿಕ್ಕೆ ಮಾಡಿದ್ದಲ್ಲವಾ? ಕನ್ನಡವೇ ಬಾರದವನಿಗೆ ಅರ್ಥ ಕೇಳಿಸಿ ಎಂತ ಪ್ರಯೋಜನ? ಅದರಲ್ಲಿ ನಂಬಿಕೆಯನ್ನು ಯಾಕೆ ಎಳೀತೀರಿ?

ಮಾಷ್ಟ್ರು: ಅದೂ ಒಂದು ಕಾರಣ, ಹೌದು. ಆದರೆ ಕಾರಣ ಅಷ್ಟೇ ಆಗಿದ್ದರೆ ಮಾತು ಹೋದದ್ದಕ್ಕೆ ಅವರಿಗೆ ಬೇಸರ ಇರಬೇಕಿತ್ತಲ್ಲ. ಮಾತು ಅತಿಯಾಯಿತು ಅಂತಲೇ ಅವರ ತಕರಾರು ಇದ್ದದ್ದು. ಈಗ ನಮ್ಮ ತಾಳಮದ್ದಳೆ ನೋಡು. ಅಲ್ಲಿ ಮಾತು ಬಿಟ್ಟು ಬೇರೆ ಏನೂ ಇಲ್ಲ. ಒಂದು ಜಮಖಾನ, ನಡುವೆ ಭಾಗವತರು, ಪಕ್ಕದಲ್ಲಿ ಮದ್ದಳೆ, ಚೆಂಡೆ, ಎದುರುಬದುರು ಪಂಚೆ ಶಲ್ಯ ಹಾಕಿ ಕೂತ ನಾಲ್ಕು ಜನ. ಕಿರೀಟ ಇಲ್ಲ, ಬಣ್ಣ ಇಲ್ಲ. ಪದ್ಯ ಮುಗಿದ ಕೂಡಲೇ ಕನ್ನಡಕ ಸರಿ ಮಾಡಿಕೊಂಡು 'ಎಲವೋ ರಾಘವಾ' ಅಂತ ಸುರು ಮಾಡಬೇಕು. ಭಕ್ತರ ಊರಿನಲ್ಲಿ ಹುಟ್ಟಿದ ಕಲೆ ಇದು. ಆದರೆ ಇಲ್ಲಿ ರಾಮನನ್ನು ಪ್ರಶ್ನೆ ಕೇಳಿದ ಹಾಗೆ ಯಾವ ವಿಚಾರವಾದಿಯೂ ಕೇಳಿರಲಿಕ್ಕಿಲ್ಲ. ಶೇಣಿಯವರನ್ನು ನೀನು ಕೇಳಿದ್ದುಂಟಾ?

ಕತೆಗಾರ್ತಿ: ರೆಕಾರ್ಡಿನಲ್ಲಿ.

ಮಾಷ್ಟ್ರು: ಶೇಣಿ ಗೋಪಾಲಕೃಷ್ಣ ಭಟ್ಟರು ಹುಟ್ಟಿದ್ದು 1918ರಲ್ಲಿ, ತೀರಿಕೊಂಡದ್ದು 2006ರಲ್ಲಿ. ಹರಿಕಥೆ ಮಾಡಿದ ಆಸ್ತಿಕರು. ಜನ ಅವರನ್ನು ನೆನಪಿಡುವುದು ಮಾತ್ರ ರಾವಣನಿಂದ, ವಾಲಿಯಿಂದ, ಮಾಗಧನಿಂದ. ಮತ್ತೆ ಬಪ್ಪನಾಡಿನ ಬಪ್ಪ ಬ್ಯಾರಿಯಿಂದ. ದುರ್ಗೆಗೆ ಗುಡಿ ಕಟ್ಟಿಸಿದ ಮುಸ್ಲಿಂ ವ್ಯಾಪಾರಿಯ ಪಾತ್ರ ಅದು, ಹೇಳಿದ್ದು ಒಬ್ಬ ವೈದಿಕ ಭಟ್ಟರು. ವಾಲಿ ಕೇಳುವುದು ಏನು? ನಿನಗೂ ನನಗೂ ಎಂತ ಹಗೆ? ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟವ ಯಾವ ಕ್ಷತ್ರಿಯ? ನಿನಗೆ ಹೆಂಡತಿ ಬೇಕಿದ್ದರೆ ನನ್ನನ್ನು ಒಂದು ಮಾತು ಕೇಳಬಾರದಿತ್ತಾ, ರಾವಣನನ್ನು ಕಂಕುಳಲ್ಲಿ ಇರುಕಿಕೊಂಡು ಸಮುದ್ರ ಸುತ್ತಿದವನಲ್ಲವಾ ನಾನು? ಇದನ್ನು ಹೇಳುವಾಗ ಅರ್ಥಧಾರಿಗೆ ಒಳಗೆ ರಾಮ ದೇವರೇ. ಆದರೆ ಎದುರು ಕೂತ ರಾಮನಿಗೆ ಉತ್ತರ ಹೊಳೆಯಬಾರದು, ಅಷ್ಟು ಗಟ್ಟಿಯಾಗಿ ಹೇಳಬೇಕು. ಅರೆಮನಸ್ಸಿನಲ್ಲಿ ಹೇಳಿದರೆ ಸಭೆಗೆ ಗೊತ್ತಾಗ್ತದೆ, ಹಿಂದಿನ ಸಾಲಿನವರು ಎದ್ದು ಚಾ ಕುಡಿಯಲಿಕ್ಕೆ ಹೋಗ್ತಾರೆ. ನಂಬಿಕೆ ಗಟ್ಟಿ ಇದ್ದವ ಎದುರಾಳಿಗೆ ಜಾಗ ಕೊಡ್ತಾನೆ. ಅದು ಸಡಿಲ ಇದ್ದವನೇ ವಾಲಿಯನ್ನು ಮಂಗ ಮಾಡುವುದು.

ಕತೆಗಾರ್ತಿ: ಅಂದರೆ ಕಾರಂತರು ತಮ್ಮ ಕಾದಂಬರಿಯಲ್ಲಿ ಚೋಮನಿಗೆ ಕೊಟ್ಟ ಜಾಗವೂ ಹಾಗೆಯಾ?

ಮಾಷ್ಟ್ರು: ಹಾಗೆಯೇ, ದಿಕ್ಕು ಮಾತ್ರ ಬೇರೆ. 1933ರ ಪುಸ್ತಕ ಅದು. ಬರೆದವ ಸುಧಾರಣೆಯ ಹುರುಪಿನ ಹುಡುಗ, ಮೂವತ್ತರ ಆಸುಪಾಸು. ಚೋಮನಿಗೆ ಒಂದು ತುಂಡು ಗದ್ದೆ ಬೇಕು, ಧಣಿ ಸಂಕಪ್ಪಯ್ಯನ ಮನೆಯಿಂದ ಸಿಗುವುದಿಲ್ಲ. ಪಾದ್ರಿಯ ಕಡೆ ಹೋದರೆ ಸಿಗ್ತದೆ. ಚೋಮ ಹೊರಡ್ತಾನೆ, ಆದರೆ ಅವನನ್ನು ಹಿಂದೆ ತಿರುಗಿಸುವುದು ಪಂಜುರ್ಲಿ. ಬೇರೆ ಸುಧಾರಕನಾದರೆ ಆ ಭೂತವನ್ನು ಮೂಢನಂಬಿಕೆ ಅಂತ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಿದ್ದ, ಇಲ್ಲದಿದ್ದರೆ ಚೋಮನಿಗೆ ಬುದ್ಧಿ ಹೇಳಿಸುತ್ತಿದ್ದ. ಕಾರಂತರು ತೆಗೆಯಲಿಲ್ಲ. ತನಗೆ ಇಲ್ಲದ ನಂಬಿಕೆಯನ್ನು ಇನ್ನೊಬ್ಬನ ಎದೆಯೊಳಗೆ ಇದ್ದಲ್ಲೇ ಇರಲಿಕ್ಕೆ ಬಿಟ್ಟರು. ಅದಕ್ಕೇ ಚೋಮ ಇವತ್ತಿಗೂ ನಿಂತಿದ್ದಾನೆ.

ಕತೆಗಾರ್ತಿ: ಒಪ್ಪಿದೆ ಮಾಷ್ಟ್ರೇ. ಬೊಳುವಾರರನ್ನೂ ಇದಕ್ಕೆ ಸೇರಿಸಬಹುದಲ್ಲ? ಬೊಳುವಾರು ಇಲ್ಲೇ ಪುತ್ತೂರು ಪೇಟೆಯ ಒಂದು ಮೂಲೆ. ಮಹಮ್ಮದ್ ಕುಂಞಿಯವರ ಮುತ್ತುಪ್ಪಾಡಿಯಲ್ಲಿ ನಗು ಉಂಟು, ಮೌಲ್ವಿಗಳ ಮೇಲೆ ಜಗಳವೂ ಉಂಟು. ಪ್ರವಾದಿಯ ಬದುಕಿನ ಮೇಲೆ 'ಓದಿರಿ' ಬರೆದವರೂ ಅವರೇ. 'ಸ್ವಾತಂತ್ರ್ಯದ ಓಟ'ಕ್ಕೆ 2016ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. ಒಳಗೆ ಕೂತವನ ಜಗಳ ಅದು.

ಮಾಷ್ಟ್ರು: ಸೇರಿಸು, ಸೇರಿಸು. ಮನೆಯವ ಬೈದ ಹಾಗೆ ಅದು.

ಕತೆಗಾರ್ತಿ: ಆದರೆ ನಿಮ್ಮ ಈ ಲೆಕ್ಕಕ್ಕೆ ಭೂತಕೋಲ ಎಲ್ಲಿ ಕೂರ್ತದೆ? ಎಣ್ಣೆಬೂಳ್ಯ ತೆಗೆದುಕೊಂಡು ವ್ರತ ಹಿಡಿದವ, ಮುಖಕ್ಕೆ ಅರದಾಳ ಹಚ್ಚಿಸಿಕೊಳ್ತಾ ಇರುವಾಗ ಪಕ್ಕದಲ್ಲಿ ಅವನ ಮನೆಯ ಹೆಂಗಸು ತೆಂಬರೆ ಬಡಿದು ಪಾಡ್ದನ ಹೇಳ್ತಾ ಇರ್ತಾಳೆ. ಗಗ್ಗರ ಕಟ್ಟುವವರೆಗೆ ಅವ ನಮ್ಮ ಹತ್ತಿರ ಮಳೆ, ಅಡಕೆಯ ಕೊಳೆರೋಗ ಎಲ್ಲ ಮಾತಾಡಿಯಾನು. ಕಟ್ಟಿದ ಮೇಲೆ ಊರಿನ ಗುತ್ತಿನವರೂ ಕೈ ಮುಗಿದು ನಿಲ್ಲಬೇಕು. ಅಲ್ಲಿ ಇಟ್ಟುಕೊಳ್ಳುವುದು, ಬಿಸಾಡುವುದು ಅಂತ ಅವನ ಕೈಯಲ್ಲಿ ಎಂತ ಉಂಟು? ಎದುರಾಳಿಗೆ ಜಾಗ ಎಲ್ಲುಂಟು?

ಮಾಷ್ಟ್ರು: ಅದು ಆರಾಧನೆ ಮಾರಾಯ್ತಿ. ಕಲೆ ಅಂತ ನೋಡುವುದು ನಾವು, ಮಾಡುವವನಿಗೆ ಅದು ಕಲೆ ಅಲ್ಲ.

ಕತೆಗಾರ್ತಿ: ಹಾಗಾದರೆ 'ಕಾಂತಾರ' ಸಿನೆಮಾ? 2022ರಲ್ಲಿ ಬಂದ ಮೇಲೆ ಶಾಲೆಯ ವಾರ್ಷಿಕೋತ್ಸವದಲ್ಲೂ ಪಂಜುರ್ಲಿ ವೇಷ! ದೈವನರ್ತಕರು ಬೇಡ ಬೇಡ ಅಂತ ಹೇಳಿ ಸುಸ್ತಾದರು.

ಮಾಷ್ಟ್ರು: ಅಯ್ಯೋ, ಅದರ ಮಾತು ತೆಗೀಬೇಡ. ಅದೇ ವರ್ಷ ಸರ್ಕಾರ ಅರುವತ್ತು ದಾಟಿದ ದೈವನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಅಂತ ಘೋಷಿಸಿತು, ಪಿಚ್ಚರಿನ ಪುಣ್ಯದಿಂದ. ಅಷ್ಟು ವರ್ಷ ಅವರು ಯಾರ ಕಣ್ಣಿಗೂ ಬಿದ್ದಿರಲಿಲ್ಲವಾ? ಕೋಲದ ರಾತ್ರಿ ಅವ ದೈವ, ಮರುದಿನ ಬೆಳಿಗ್ಗೆ ಅದೇ ಮನೆಯ ಅಂಗಳದ ಬದಿಯಲ್ಲಿ ನಿಲ್ಲಬೇಕಾದವ. ನಲಿಕೆ, ಪರವ, ಪಂಬದ, ಯಾರಾದರೂ ಅಷ್ಟೇ. ನಟ ಅಂತ ಹೇಳಿದರೆ ಒಂದು ಕಷ್ಟ, ಅವನಿಗೆ ಅವಮಾನ. ನಟ ಅಲ್ಲ ಅಂದರೆ ಇನ್ನೊಂದು, ಕಲಾವಿದನಿಗೆ ಸಿಗುವ ಗೌರವವೂ ಇಲ್ಲ, ಸಂಭಾವನೆಯೂ ಇಲ್ಲ. ಸಿನೆಮಾದವರು ಮಾಂಸ ಬಿಟ್ಟು ವ್ರತ ಹಿಡಿದೆವು ಅಂತ ಸಂದರ್ಶನದಲ್ಲಿ ಹೇಳ್ತಾರೆ. ಇರಲಿ, ಒಳ್ಳೆಯದೇ. ಕ್ಯಾಮರಾ ಎಲ್ಲಿ ಇಡಬೇಕು ಅಂತ ವ್ರತ ಹೇಳಿಕೊಡ್ತದಾ? ನಾವು ಎಲ್ಲಿಂದ ಎಲ್ಲಿಗೆ ಬಂದೆವು ನೋಡು.

ಕತೆಗಾರ್ತಿ: ನಾನು ಬರಬೇಕಾದಲ್ಲಿಗೇ ಬಂದೆವು. ಒಂದು ಕತೆ ಅರ್ಧಕ್ಕೆ ನಿಂತಿದೆ. ಅಣ್ಣತಮ್ಮಂದಿರ ಜಾಗದ ತಕರಾರು ದೈವದ ಎದುರು ಬರ್ತದೆ. ದೈವ ನುಡಿ ಕೊಡ್ತದೆ, ಆ ನುಡಿ ಅನ್ಯಾಯದ್ದು. ತಮ್ಮ ಅದಕ್ಕೆ ತಲೆಬಾಗಿ ಊರು ಬಿಡ್ತಾನೆ. ಬರೆದು ತರವಾಡು ಮನೆಯಲ್ಲಿ ಅಮ್ಮನಿಗೆ ಓದಿ ಹೇಳಿದೆ. ಅಮ್ಮ, "ಬರುವ ಸಲದ ದೈವದ ತಂಬಿಲಕ್ಕೆ ನೀನು ಯಾವ ಮುಖ ಹೊತ್ತು ಚಾವಡಿಗೆ ಬರ್ತಿ?" ಅಂದಳು. ನಾನು ನುಡಿಯ ಭಾಗ ತೆಗೆದೆ. ಈಗ ಕತೆಯಲ್ಲಿ ದೈವ ಬರ್ತದೆ, ಕುಣೀತದೆ, ಮಾತಾಡುವುದಿಲ್ಲ.

ಮಾಷ್ಟ್ರು: ಕಾರಂತರ ಬ್ಯಾಲೆಯ ಹಾಗೆ.

ಕತೆಗಾರ್ತಿ: ನಗಬೇಡಿ. ಅವರು ಬೇಡ ಅಂತ ತೆಗೆದರು, ನಾನು ಹೆದರಿ ತೆಗೆದೆ. ಓದುಗನಿಗೆ ಎರಡೂ ಒಂದೇ ಥರ ಕಾಣ್ತದಲ್ಲ? ಏನು ಬಿಟ್ಟ ಅಂತ ನೋಡು ಅಂತೀರಿ, ಯಾಕೆ ಬಿಟ್ಟ ಅಂತ ಹೇಗೆ ಗೊತ್ತಾಗುವುದು?

ಮಾಷ್ಟ್ರು: ಗೊತ್ತಾಗ್ತದೆ. ಹೆದರಿ ತೆಗೆದ ಕಡೆ ಕತೆ ಕುಂಟ್ತದೆ. ಪಾಡ್ದನವನ್ನೇ ನೋಡು. ಕೋಟಿ ಚೆನ್ನಯರು ಹುಟ್ಟಿದ್ದು ಇಲ್ಲೇ ಪಡುಮಲೆಯಲ್ಲಿ, ಸತ್ತದ್ದು ಎಣ್ಮೂರಿನಲ್ಲಿ. ಇವತ್ತು ಗರಡಿ ಗರಡಿಯಲ್ಲಿ ಪೂಜೆ ತೆಗೆದುಕೊಳ್ಳುವವರು. ಆದರೂ ಅವರ ಸಿಟ್ಟು, ಅವರು ಮಾಡಿದ ಕೊಲೆ, ಊರೂರು ಅಲೆದದ್ದು, ಯಾವುದನ್ನೂ ಪಾಡ್ದನ ಮುಚ್ಚಿಡುವುದಿಲ್ಲ. ಕೈ ಮುಗಿಯುವವರೇ ಅದನ್ನು ಹಾಡಿದ್ದು. ಪಾಡ್ದನ ಹಾಡಿದ ಹೆಂಗಸರಿಗೆ ಇದ್ದ ಧೈರ್ಯ ನಿನಗೆ ಯಾಕಿಲ್ಲ? ನುಡಿ ಇಡು. ದೈವದ ನುಡಿಗೆ ಎಷ್ಟು ತೂಕ ಇರಬೇಕೋ ಅಷ್ಟೂ ಕೊಟ್ಟು ಬರಿ. ಅದು ಅನ್ಯಾಯವೋ ನ್ಯಾಯವೋ ಅಂತ ಓದುವವ ರಾತ್ರಿ ನಿದ್ದೆ ಬಿಟ್ಟು ಯೋಚಿಸಲಿ. ಮತ್ತೆ ತಂಬಿಲಕ್ಕೂ ಹೋಗು. ನಂಬಿಕೆ ಉಂಟಲ್ಲ ನಿನಗೆ?

ಕತೆಗಾರ್ತಿ: ಉಂಟು. ಅದೇ ಕಷ್ಟ.

ಮಾಷ್ಟ್ರು: ಕಷ್ಟ ಎಂತದ್ದು? ನಾನು ಮನೆಯಲ್ಲಿ ರಾಮನಿಗೆ ದೀಪ ಹಚ್ಚಿಯೇ ಬಂದದ್ದು. ಇವತ್ತು ರಾತ್ರಿ ಅದೇ ರಾಮನನ್ನು ಒಂದು ಗಂಟೆ ನಿಲ್ಲಿಸಿ ಕೇಳ್ತೇನೆ.

ಕತೆಗಾರ್ತಿ: ಆಮೇಲೆ?

ಮಾಷ್ಟ್ರು: ಆಮೇಲೆ ಎಂತ?

ಕತೆಗಾರ್ತಿ: ಒಂದು ಗಂಟೆ ಆದ ಮೇಲೆ ವಾಲಿ ಕೈ ಮುಗೀತಾನಲ್ಲ. ನೀನು ಸಾಕ್ಷಾತ್ ನಾರಾಯಣ, ನಿನ್ನ ಬಾಣದಿಂದ ಸತ್ತದ್ದೇ ಭಾಗ್ಯ ಅಂತ. ನಿಮ್ಮ ವಾಲಿಯನ್ನು ನಾನು ಶಾಲೆಗೆ ಹೋಗುವ ಕಾಲದಿಂದ ಕೇಳ್ತಾ ಇದ್ದೇನೆ. ಎದುರು ಕೂತ ರಾಮ ಒಂದೊಂದು ಸಲ ಸಮಾಧಾನವನ್ನೇ ಹೇಳಿರುವುದಿಲ್ಲ. ಆದರೂ ನಿಮ್ಮ ವಾಲಿ ಒಪ್ಪಿಯೇ ಸಾಯ್ತಾನೆ.

ಮಾಷ್ಟ್ರು: ಪ್ರಸಂಗದಲ್ಲಿ ಹಾಗೆ ಉಂಟು. ಪಾರ್ತಿಸುಬ್ಬ ಬರೆದಿಟ್ಟದ್ದು, ನಾನು ಬದಲಿಸಲಿಕ್ಕೆ ಬರುವುದಿಲ್ಲ.

ಕತೆಗಾರ್ತಿ: ಪ್ರಸಂಗದಲ್ಲಿ ಪದ್ಯ ಉಂಟು. ಅರ್ಥ ನಿಮ್ಮದು. ಸರಿಯಾದ ಉತ್ತರ ಸಿಗದ ರಾತ್ರಿ ವಾಲಿ ಎಷ್ಟು ಒಪ್ಪಬೇಕು ಅಂತ ತೀರ್ಮಾನ ಮಾಡುವವರು ನೀವೇ ಅಲ್ಲವಾ? ಅಲ್ಲಿ ನೀವು ತೆಗೆದು ಹಾಕಿದ್ದು ಯಾವುದು ಮಾಷ್ಟ್ರೇ?

ಮಾಷ್ಟ್ರು: ಮಳೆ ಬಿಟ್ಟ ಹಾಗುಂಟು. ನಡಿ, ಭಾಗವತರು ಆರು ಗಂಟೆಗೇ ಬರ್ತಾರೆ.

ಕತೆಗಾರ್ತಿ: ಉತ್ತರ?

ಮಾಷ್ಟ್ರು: ಇವತ್ತು ರಾಮ ಯಾರು ಅಂತ ಇನ್ನೂ ನನಗೆ ಹೇಳಲಿಲ್ಲ. ಮೊದಲು ಅದು ಗೊತ್ತಾಗಲಿ.