ಎದುರಾಳಿಯ ಮನ್ನಣೆ ಮತ್ತು ಪ್ರೇಮ

ರೇಚಲ್ ರೀಡ್ ಅವರ ಕಾದಂಬರಿಯನ್ನು ಆಧರಿಸಿ ಜೇಕಬ್ ಟಿಯರ್ನಿ ರೂಪಿಸಿದ, 2025ರ ನವೆಂಬರ್‌ನಲ್ಲಿ ಕೆನಡಾದ ಕ್ರೇವ್ ವೇದಿಕೆಯಲ್ಲಿ ತೆರೆಕಂಡ ‘ಹೀಟೆಡ್ ರೈವಲ್ರಿ’ ಸರಣಿಯು, ಎದುರಾಳಿ ತಂಡಗಳ ಇಬ್ಬರು ಐಸ್ ಹಾಕಿ ಆಟಗಾರರಾದ ಕೆನಡಾದ ಶೇನ್ ಮತ್ತು ರಷ್ಯಾದ ಇಲ್ಯಾ ವರ್ಷಗಟ್ಟಲೆ ಗುಟ್ಟಾಗಿ ಕಾಪಾಡಿಕೊಂಡ ಪ್ರೇಮದ ಕಥೆ. ಹಾಕಿಯನ್ನಾಗಲಿ ಗಂಡಸರಿಬ್ಬರ ಪ್ರೇಮವನ್ನಾಗಲಿ ಸ್ವಂತ ಬದುಕಿನಲ್ಲಿ ಅರಿಯದ ಅನೇಕ ಮಹಿಳೆಯರೂ ಇದಕ್ಕೆ ಮನಸೋತಿರುವುದರಿಂದ, ತನ್ನದಲ್ಲದ ಪ್ರೇಮವನ್ನು ನೋಡುವ ಸುಖ ಎಂಥದೆಂಬ ಹಳೆಯ ಪ್ರಶ್ನೆ ಮತ್ತೆ ಏಳುತ್ತದೆ.

ಅದಕ್ಕೆ ಒಂದು ಸುಳಿವು ಎದುರಾಳಿತನದಲ್ಲೇ ಇದೆ. ಆತ್ಮಪ್ರಜ್ಞೆ, ಅಂದರೆ ‘ನಾನು’ ಎಂಬ ಅರಿವು, ಮತ್ತೊಂದು ಆತ್ಮಪ್ರಜ್ಞೆಯ ಮನ್ನಣೆಯಿಲ್ಲದೆ ಪೂರ್ಣವಾಗದೆಂದೂ, ಮನ್ನಣೆಗಾಗಿ ನಡೆಯುವ ಸೆಣಸಾಟದಲ್ಲಿ ಸೋತವನು ಆಳಾಗಿಬಿಟ್ಟರೆ ಅವನು ಕೊಡುವ ಮನ್ನಣೆ ಗೆದ್ದವನಿಗೆ ತೃಪ್ತಿ ತರದೆಂದೂ ಜರ್ಮನ್ ತತ್ತ್ವಜ್ಞಾನಿ ಹೆಗೆಲ್ 1807ರ ತನ್ನ ಗ್ರಂಥದಲ್ಲಿ ವಾದಿಸಿದ. ಕ್ರೀಡೆಯ ಸೆಣಸಾಟ ಯಾರನ್ನೂ ಆಳಾಗಿಸುವುದಿಲ್ಲ. ಇಂದು ಸೋತವನು ಮುಂದಿನ ಪಂದ್ಯಕ್ಕೆ ಸರಿಸಮನಾಗಿಯೇ ಇಳಿಯುತ್ತಾನೆ. ಗಂಡು–ಹೆಣ್ಣಿನ ಪ್ರೇಮಕಥೆಗಳು ಹಣ, ವಯಸ್ಸು, ಅಧಿಕಾರಗಳ ಏರುಪೇರನ್ನು ಕೊನೆಯಲ್ಲಿ ಹೇಗೋ ತೇಪೆ ಹಾಕಿ ಮುಚ್ಚಬೇಕಾಗುತ್ತದೆ. ಇಲ್ಲಿಯಾದರೋ ತಲೆಬಾಗಬೇಕಾದವರು ಯಾರೆಂಬುದು ಮೊದಲೇ ಗೊತ್ತಾಗಿರುವುದಿಲ್ಲ, ಮತ್ತು ಮಹಿಳೆಯರನ್ನು ಸೆಳೆಯುವುದು ಬಹುಶಃ ಆಟಗಾರರ ಮೈಕಟ್ಟಿಗಿಂತ (ಅದೂ ಇಲ್ಲವೆನ್ನಲಾಗದು) ಈ ಅನಿಶ್ಚಿತತೆಯೇ.

ಸೆಣಸಾಟವೂ ಪ್ರೇಮವೂ ಹೀಗೆ ಒಂದಾಗುವುದು ನಮ್ಮ ಕಾವ್ಯಮೀಮಾಂಸೆಗೂ ಹೊಸದಲ್ಲ: ವೀರ–ಶೃಂಗಾರ ರಸಗಳು ಪರಸ್ಪರ ವಿರೋಧಿಗಳಲ್ಲವೆಂದು ಸಂಸ್ಕೃತ ಆಲಂಕಾರಿಕ ಆನಂದವರ್ಧನ ಹೇಳಿದ್ದಾನೆ. ಇನ್ನು ನೋಡುವವರ ಸುಖದ ವಿಷಯಕ್ಕೆ ಬಂದರೆ, ಪಾತ್ರದ ಭಾವವು ‘ನನ್ನದು’, ‘ಪರರದು’ ಎಂಬ ಕಟ್ಟು ಕಳಚಿ ಎಲ್ಲರಿಗೂ ಸಲ್ಲುವಂತಾಗುವುದನ್ನು ಇನ್ನೊಬ್ಬ ಆಲಂಕಾರಿಕ ಭಟ್ಟನಾಯಕ ಸಾಧಾರಣೀಕರಣವೆಂದು ಕರೆದ. ಆದರೆ ಈ ಪ್ರೇಮದ ತೀವ್ರತೆ ಬಂದಿರುವುದೇ ಅದನ್ನು ಬಚ್ಚಿಡಬೇಕಾದ ಭಯದಿಂದಲಾದ್ದರಿಂದ, ಭಯವನ್ನು ಅನುಭವಿಸದವರು ತೀವ್ರತೆಯನ್ನಷ್ಟೇ ಸವಿಯುತ್ತಾರೆಂಬ ಆಕ್ಷೇಪಕ್ಕೆ ಬಲವಿದೆ. ಸರಣಿ ಇದಕ್ಕೆ ಕೊಡುವ ಉತ್ತರ ಅರ್ಧ ಮಾತ್ರ. ಅಪ್ರಾಪ್ತರೆದುರು ಸಲಿಂಗ ಸಂಬಂಧಗಳ ಪರವಾಗಿ ಆಡುವ ಮಾತನ್ನೇ ‘ಪ್ರಚಾರ’ವೆಂದು ದಂಡಿಸುವ ಕಾನೂನನ್ನು 2013ರಲ್ಲಿ ತಂದ ದೇಶಕ್ಕೆ ಇಲ್ಯಾ ಸೇರಿದವನೆಂಬುದನ್ನು ಅದು ಮರೆಸುವುದಿಲ್ಲ, ಆದರೆ ಸ್ಕಾಟ್ ಹಂಟರ್ ಎಂಬ ಇನ್ನೊಬ್ಬ ಆಟಗಾರ ಕಪ್ ಗೆದ್ದ ಕ್ಷಣದಲ್ಲೇ ತನ್ನ ಪ್ರಿಯಕರನನ್ನು ಮೈದಾನಕ್ಕೆ ಕರೆದು ಎಲ್ಲರೆದುರು ಮುತ್ತಿಡುವಂತೆ ಮಾಡಿ, ಬಿಡುಗಡೆಯನ್ನೂ ಗೆಲುವಿನ ಬಹುಮಾನವಾಗಿಸುತ್ತದೆ. ಸೋತ ತಂಡದಲ್ಲೂ ಅಂಥವನೊಬ್ಬ ಇದ್ದಿರಬಹುದು. ಅವನಿಗೆ ಯಾವ ದಾರಿಯಿದೆಯೆಂಬುದನ್ನು ಆ ದೃಶ್ಯ ಕೇಳಿಕೊಳ್ಳುವುದಿಲ್ಲ.