ಹೊಸ ಆವೃತ್ತಿಯೂ ಹಳೆಯ ದುಡಿಮೆಯೂ

ಕೈಗೆ ಒಗ್ಗಿದ ಉಪಕರಣವನ್ನು ಕೆಳಗಿಟ್ಟು ಹೊಸದನ್ನು ಎತ್ತಿಕೊಳ್ಳಬೇಕಾದಾಗ ಮನುಷ್ಯನಿಗೆ ನೋವಾಗುವುದು ಸಹಜ. ಆ ನೋವಿನಲ್ಲಿ ಮಮಕಾರದ ಪಾಲೆಷ್ಟು, ನ್ಯಾಯವಾದ ಹಕ್ಕಿನ ಪಾಲೆಷ್ಟು ಎಂಬುದು ವಿಚಾರಾರ್ಹವಾದ ಪ್ರಶ್ನೆ. ಬಡಗಿಯು ಹೊಸ ಉಳಿಯನ್ನು ಕೊಂಡ ಮಾತ್ರಕ್ಕೆ ಹಳೆಯ ಉಳಿಯಿಂದ ಮಾಡಿದ ಬಾಗಿಲು ತೆರೆಯದೆ ನಿಲ್ಲುವುದಿಲ್ಲ. ಗಣಕಯಂತ್ರದ ತಂತ್ರಾಂಶಗಳ ವಿಷಯ ಹಾಗಲ್ಲ. ಅಲ್ಲಿ ಉಪಕರಣವು ಮರೆಯಾದರೆ ಅದರಿಂದ ಮಾಡಿದ ಕೆಲಸಕ್ಕೂ ಬೀಗ ಬೀಳಬಹುದು.

ಚಲನಚಿತ್ರ ಸಂಕಲನದ ಕ್ಷೇತ್ರದಲ್ಲಿ ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. ಆಪಲ್ ಸಂಸ್ಥೆಯ ‘ಫೈನಲ್ ಕಟ್ ಪ್ರೊ’ ಎಂಬ ಸಂಕಲನ ತಂತ್ರಾಂಶವು 1999ರಲ್ಲಿ ಮೊದಲು ಬಂದಿತು. ವಾಲ್ಟರ್ ಮರ್ಚ್ ಅವರು ‘ಕೋಲ್ಡ್ ಮೌಂಟನ್’ (2003) ಚಿತ್ರವನ್ನು ಅದರಲ್ಲಿಯೇ ಸಂಕಲಿಸಿದರು. 2011ರ ಆರಂಭದಲ್ಲಿ ಸಂಕಲನಕ್ಕಾಗಿ ಆಸ್ಕರ್ ಪಡೆದ ‘ದಿ ಸೋಷಿಯಲ್ ನೆಟ್‌ವರ್ಕ್’ ಕೂಡ ಅದರಲ್ಲಿಯೇ ಸಿದ್ಧವಾದುದು. ಅದೇ ವರ್ಷದ ಜೂನ್ 21ರಂದು ‘ಫೈನಲ್ ಕಟ್ ಪ್ರೊ ಎಕ್ಸ್’ ಬಿಡುಗಡೆಯಾಯಿತು. ಏಳನೆಯ ಆವೃತ್ತಿಯ ಮಾರಾಟ ಆಗಲೇ ನಿಂತಿತು. ಹೊಸದರಲ್ಲಿ ಹಳೆಯ ಆವೃತ್ತಿಯ ಕಡತಗಳು ತೆರೆಯುತ್ತಿರಲಿಲ್ಲ. ಹಲವು ಕ್ಯಾಮೆರಾಗಳ ಚಿತ್ರೀಕರಣವನ್ನು ಒಟ್ಟಿಗೆ ಸಂಕಲಿಸುವ ಸೌಲಭ್ಯವೂ ಇರಲಿಲ್ಲ. ಆದರೆ ಮನೆಮಂದಿಯ ಬಳಕೆಗೆಂದು ಅದೇ ಸಂಸ್ಥೆ ರೂಪಿಸಿದ್ದ ‘ಐಮೂವಿ’ಯ ಕಡತಗಳನ್ನು ಮಾತ್ರ ಅದು ತೆರೆಯುತ್ತಿತ್ತು! ವೃತ್ತಿನಿರತ ಸಂಕಲನಕಾರರು ಕೆರಳಿದರು. ಸಾವಿರಾರು ಮಂದಿ ಮನವಿಪತ್ರಕ್ಕೆ ಸಹಿ ಹಾಕಿದರು.

ತಯಾರಕರ ಪಕ್ಷದಲ್ಲಿಯೂ ಹೇಳಬೇಕಾದ ಮಾತಿದೆ. ಹಳೆಯ ತಂತ್ರಾಂಶವು 32 ಬಿಟ್ ರಚನೆಯದು. ಯಂತ್ರದಲ್ಲಿ ಎಷ್ಟೇ ಸ್ಮೃತಿ ಇದ್ದರೂ 4 ಗಿಗಾಬೈಟ್‌ಗಿಂತ ಹೆಚ್ಚನ್ನು ಅದು ಬಳಸಲಾರದು. ಬುನಾದಿಯಿಂದಲೇ ಮರಳಿ ಕಟ್ಟುವುದು ಅನಿವಾರ್ಯವಾಗಿತ್ತೆಂಬುದನ್ನು ಅಲ್ಲಗಳೆಯಲಾಗದು.

ಸಂಕಲನಕಾರರ ಸಿಟ್ಟಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಬೆರೆತಿದ್ದವು. ಮೊದಲನೆಯದು ಅಭ್ಯಾಸ. ಹಳೆಯ ಆವೃತ್ತಿಯಲ್ಲಿ ದೃಶ್ಯಗಳನ್ನೂ ಧ್ವನಿಗಳನ್ನೂ ಒಂದರ ಮೇಲೊಂದು ಟ್ರ್ಯಾಕ್‌ಗಳಲ್ಲಿ ಇಡಬೇಕಿತ್ತು. ಹೊಸದರಲ್ಲಿ ಟ್ರ್ಯಾಕ್‌ಗಳೇ ಇಲ್ಲ. ಒಂದು ತುಣುಕನ್ನು ತೆಗೆದರೆ ಪಕ್ಕದವು ಅಯಸ್ಕಾಂತಕ್ಕೆ ಸಿಕ್ಕಂತೆ ತಾವಾಗಿ ಸರಿದು ಕೂಡಿಕೊಳ್ಳುತ್ತವೆ. ಹತ್ತು ವರ್ಷ ಬೆರಳಿಗೆ ಕಲಿಸಿದ್ದನ್ನು ಮರೆಸಬೇಕಾದ ಕಷ್ಟ ಸಣ್ಣದಲ್ಲ. ಆದರೂ ಆ ಕಷ್ಟದ ಆಧಾರದ ಮೇಲೆ, ಹಳೆಯದು ಹಾಗೆಯೇ ಮುಂದುವರಿಯಬೇಕೆಂದು ಹಕ್ಕು ಸಾಧಿಸಲಾಗದು. ನಮ್ಮ ರೂಢಿಗೆ ಲೋಕವು ಸಾಲಗಾರನಲ್ಲ.

ಎರಡನೆಯದು ಹಾಗಲ್ಲ. ಸಂಕಲನದ ಕಡತದಲ್ಲಿ ಸಾಮಾನ್ಯವಾಗಿ ಚಿತ್ರೀಕರಿಸಿದ ದೃಶ್ಯಗಳಿರುವುದಿಲ್ಲ, ಅವು ಬೇರೆ ಕಡೆ ಇರುತ್ತವೆ. ಕಡತದಲ್ಲಿರುವುದು ನಿರ್ಣಯಗಳು: ಯಾವ ದೃಶ್ಯವನ್ನು ಆರಿಸಿದೆ, ಯಾವ ಕ್ಷಣದಲ್ಲಿ ಕತ್ತರಿಸಿದೆ, ಯಾವ ಧ್ವನಿಯನ್ನು ಎಷ್ಟು ತಗ್ಗಿಸಿದೆ ಎಂಬುದರ ದಾಖಲೆ. ತಿಂಗಳುಗಟ್ಟಲೆ ನಿದ್ದೆಗೆಟ್ಟು ಮಾಡಿದ ಆಯ್ಕೆಗಳ ಮೊತ್ತವದು. ಅದು ದುಡಿದವನ ಸ್ವತ್ತು. ತಯಾರಕರು ಅದನ್ನಿಡುವ ಪೆಟ್ಟಿಗೆಯನ್ನು ಮಾತ್ರ ಮಾರಿದವರು. ಹಳೆಯ ತಂತ್ರಾಂಶವನ್ನು ಯಾರೂ ಕಸಿದುಕೊಳ್ಳಲಿಲ್ಲವಲ್ಲ, ಅದು ಹಳೆಯ ಯಂತ್ರದಲ್ಲಿ ನಡೆಯುತ್ತಲೇ ಇತ್ತಲ್ಲ ಎಂದು ಕೇಳಬಹುದು. ನಿಜ, ಆದರೆ ಅರ್ಧಕ್ಕೆ ನಿಂತ ಚಿತ್ರಕ್ಕೆ ಇನ್ನೊಬ್ಬ ಸಹಾಯಕನನ್ನು ಸೇರಿಸಿಕೊಳ್ಳಬೇಕಾದ ಕಚೇರಿಯು ಅವನಿಗೆ ಆ ತಂತ್ರಾಂಶವನ್ನು ಎಲ್ಲಿಂದ ತರಬೇಕಿತ್ತು?

ಹಳೆಯ ಕಡತಗಳನ್ನು ಕೆಡದಂತೆ ಹೊಸದಕ್ಕೆ ತರುವುದು ಅಸಾಧ್ಯವೆಂದು ಸಂಸ್ಥೆ ಆಗ ಹೇಳಿತ್ತು. ಸೆಪ್ಟೆಂಬರಿನಲ್ಲಿ ಎಕ್ಸ್‌ಎಂಎಲ್ ಎಂಬ ವಿನಿಮಯ ರೂಪಕ್ಕೆ ಹೊಸ ತಂತ್ರಾಂಶವು ಎಡೆಮಾಡಿಕೊಟ್ಟಿತು. 2012ರಲ್ಲಿ ಬೇರೊಂದು ಸಣ್ಣ ಸಂಸ್ಥೆಯು ‘ಸೆವೆನ್ ಟು ಎಕ್ಸ್’ ಎಂಬ ಸಾಧನದಿಂದ ಹಳೆಯ ಕಡತಗಳ ಬಹುಪಾಲನ್ನು ಹೊಸದಕ್ಕೆ ದಾಟಿಸಿತು. ಎಲ್ಲವೂ ಚಾಚೂ ತಪ್ಪದೆ ಬರಲಿಲ್ಲ, ಸರಿ. ಆದರೆ ಬಾಗಿಲು ತೆರೆಯಿತು. ಹೊಸದನ್ನು ಕೊಡುವ ಮುನ್ನವೇ ಈ ಬಾಗಿಲನ್ನು ಇರಿಸುವುದು ತಯಾರಕರ ಕರ್ತವ್ಯವಾಗಿತ್ತೆಂದೇ ನನ್ನ ಅಭಿಪ್ರಾಯ.

ಹೊಣೆಯು ತಯಾರಕರದಷ್ಟೇ ಅಲ್ಲ. ಸಂಕಲನವು ಹಲವರು ಕೂಡಿ ಮಾಡುವ ಕೆಲಸ. ಹೊಸ ಆವೃತ್ತಿಯಲ್ಲಿ ತೆರೆದು ಉಳಿಸಿದ ಕಡತವು ಹಳೆಯದರಲ್ಲಿ ತೆರೆಯದಿರುವುದು ಈ ಕ್ಷೇತ್ರದಲ್ಲಿ ಸಾಮಾನ್ಯ. ಒಬ್ಬನು ಉತ್ಸಾಹದಿಂದ ಹಾಗೆ ಮಾಡಿದರೆ ಜೊತೆಗಾರರೆಲ್ಲರೂ, ಬಯಸಲಿ ಬಿಡಲಿ, ಅವನ ಹಿಂದೆ ಹೋಗಬೇಕಾಗುತ್ತದೆ. ಯಂತ್ರ ಹಳತಾಗಿದ್ದರೆ ಅದನ್ನೂ ಕೊಳ್ಳಬೇಕಾಗುತ್ತದೆ. ಒಂದು ಚಿತ್ರ ಮುಗಿಯುವವರೆಗೆ ಆವೃತ್ತಿಯನ್ನು ಬದಲಿಸಬಾರದು, ಬದಲಿಸಲೇಬೇಕಾದರೆ ಮೊದಲು ಪ್ರತಿ ತೆಗೆದಿಡಬೇಕು ಎಂಬ ಪಾಠ ಹಿರಿಯ ಸಂಕಲನಕಾರರಲ್ಲಿದೆ. ಇದನ್ನು ಕೇವಲ ತಾಂತ್ರಿಕ ಎಚ್ಚರಿಕೆಯೆಂದು ತಿಳಿಯುವುದು ಸರಿಯಲ್ಲ. ಪರರ ದುಡಿಮೆಯ ಮೇಲಿನ ಗೌರವವೂ ಅದರಲ್ಲಿದೆ.

ಹಾಗಾದರೆ ಎಂದೂ ಬದಲಾಗದವನ ಗತಿಯೇನು? ದಕ್ಷಿಣ ಕೊರಿಯಾದ ‘ಪ್ಯಾರಾಸೈಟ್’ (2019) ಚಿತ್ರವನ್ನು ಯಾಂಗ್ ಜಿನ್-ಮೊ ಅವರು ಸಂಕಲಿಸಿದ್ದು ಆ ಏಳನೆಯ ಆವೃತ್ತಿಯಲ್ಲಿಯೇ. ಆ ಸಂಕಲನ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಇದನ್ನು ಮೋಹವೆನ್ನಲು ನನಗೆ ಮನಸ್ಸು ಬಾರದು. ಆದರೆ 2017ರಲ್ಲಿ ಬಂದ ‘ಹೈ ಸಿಯೆರಾ’ ಕಾರ್ಯವ್ಯವಸ್ಥೆಯಿಂದೀಚೆಗೆ ಆ ತಂತ್ರಾಂಶಕ್ಕೆ ಬೆಂಬಲವಿಲ್ಲ. ಅದನ್ನು ನಂಬಿದವರು ಹಳೆಯ ಯಂತ್ರವನ್ನು ಹಾಗೆಯೇ ಕಾಪಾಡಿಕೊಳ್ಳಬೇಕು. ಕಡತಗಳನ್ನು ಎಕ್ಸ್‌ಎಂಎಲ್ ರೂಪಕ್ಕೆ ಇಳಿಸುವ ಸೌಲಭ್ಯ ಆ ತಂತ್ರಾಂಶದಲ್ಲಿಯೇ ಇದೆ. ಯಂತ್ರ ಕೆಡುವ ಮುನ್ನ ಅದನ್ನು ಮಾಡಿಟ್ಟುಕೊಳ್ಳಬೇಕು.