ಓದಿ ಹೇಳುವವನ ಅಧಿಕಾರ

ಓದು ಬಾರದವರಿಗೆ ಅವರ ಕಾಗದ ಓದಿ ಹೇಳುವುದು ಉಪಕಾರ ಅಂತ ನಾನು ಬಹಳ ದಿನ ನಂಬಿಕೊಂಡಿದ್ದೆ. ಅದು ಅಧಿಕಾರ ಅಂತ ಗೊತ್ತಾದದ್ದು ನಮ್ಮ ದೊಡ್ಡವ್ವ ಅಕ್ಷರ ಕಲಿತ ಮೇಲೆ. ಇದೊಂದು ತಪ್ಪೊಪ್ಪಿಗೆ. ಬರೀ ತಪ್ಪೊಪ್ಪಿಗೆಯಾದರೆ ಕೇರಿಯೊಳಗೇ ಮುಗಿಸಬಹುದಿತ್ತು. ಆದರೆ ರಾತ್ರಿ ಶಾಲೆ ನಡೆಸುವ ಗೆಳೆಯರು, ಸಂಘಟನೆಯ ಹುಡುಗರು, ಹಳ್ಳಿ ಮೇಷ್ಟ್ರುಗಳು ಓದುವ ಪುಟ ಇದು. ನಾನು ಮಾಡಿದ್ದನ್ನೇ ನಮ್ಮಲ್ಲಿ ಅನೇಕರು ಇವತ್ತೂ ಮಾಡುತ್ತಿದ್ದೇವೆ, ಅದಕ್ಕೆ ಸೇವೆ ಅಂತ ಹೆಸರಿಟ್ಟುಕೊಂಡಿದ್ದೇವೆ ಎಂಬ ಅನುಮಾನ ನನಗಿದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕೇರಿಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗ. ಹೈಸ್ಕೂಲಿನಿಂದಲೇ ನಾನು ಕೇರಿಯ ಓದುಗನಾಗಿದ್ದೆ. ಪಾಸ್ ಬುಕ್ಕು, ಸಂಘದ ಸಾಲದ ಚೀಟಿ, ಆಸ್ಪತ್ರೆ ಚೀಟಿ, ಪಂಚಾಯ್ತಿ ನೋಟೀಸು, ಮೊಬೈಲಿಗೆ ಬಂದ ಮೆಸೇಜು ಎಲ್ಲ ನನ್ನ ಕೈಗೇ ಬರುತ್ತಿದ್ದವು. ಓದುವ ಮಕ್ಕಳು ಬೇರೆ ಮನೆಗಳಲ್ಲೂ ಇದ್ದರು. ಆದರೆ ಸರ್ಕಾರಿ ಕಾಗದದ ಕನ್ನಡ ಕನ್ನಡವೇ ಅಲ್ಲ, ಅದನ್ನು ಬಿಡಿಸಿ ಹೇಳುವವನು ಬೇಕು. ಆ ಬಿಡಿಸುವವನು ನಾನು. ಬಿಡಿಸುವಾಗ ಏನು ಬಿಟ್ಟೆ, ಏನು ಸೇರಿಸಿದೆ ಎಂದು ಕೇಳುವವರು ಯಾರೂ ಇರಲಿಲ್ಲ.

ಈಗ ಜಮೀನಿನ ಮಾತು. ನಮ್ಮ ತಾತನಿಗೆ ದರಖಾಸ್ತಿನಲ್ಲಿ ಎರಡು ಎಕರೆ ಮಂಜೂರಾಗಿತ್ತು. ಸಾಲದ ಲೆಕ್ಕದಲ್ಲಿ ಅದನ್ನು ಊರಿನವರೊಬ್ಬರು ಬರೆಸಿಕೊಂಡರು. ಆಧಾರದ ಕಾಗದ ಅಂದುಕೊಂಡು ತಾತ ಹೆಬ್ಬೆಟ್ಟು ಒತ್ತಿದ. ಅದು ಕ್ರಯದ ಕಾಗದವಾಗಿತ್ತು. ಇದು ನಮ್ಮೊಂದು ಮನೆಯ ಕತೆಯಲ್ಲ. ಈ ಕತೆ ಸಾವಿರಾರು ಮನೆಗಳಲ್ಲಿ ಇದ್ದುದರಿಂದಲೇ ಕರ್ನಾಟಕದಲ್ಲಿ 1978ರ ಪಿಟಿಸಿಎಲ್ ಕಾಯಿದೆ ಬಂತು. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನನ್ನು ಷರತ್ತು ಮೀರಿ ಯಾರಾದರೂ ಕೊಂಡಿದ್ದರೆ ಆ ಕ್ರಯ ಊರ್ಜಿತವಲ್ಲ, ಜಮೀನು ವಾಪಸು ಕೊಡಿಸಬೇಕು ಎಂದು ಆ ಕಾನೂನು ಹೇಳಿತು. ಅದೇ 1978ರ ಅಕ್ಟೋಬರ್ 2ರಂದು ದೇಶದಲ್ಲಿ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಶುರುವಾಯಿತು. ಹದಿನೈದರಿಂದ ಮೂವತ್ತೈದು ವಯಸ್ಸಿನ ಹತ್ತು ಕೋಟಿ ಜನಕ್ಕೆ ಐದು ವರ್ಷದಲ್ಲಿ ಅಕ್ಷರ, ಕಸುಬಿನ ತಿಳಿವಳಿಕೆ, ಅರಿವು ಕೊಡುತ್ತೇವೆ ಎಂದರು. ಒಂದೇ ವರ್ಷ ಎರಡು ಮಾತು ಕೊಟ್ಟರು. ಜಮೀನು ಕೇಳಲು ಬಾ ಎಂಬುದು ಒಂದು, ಓದಲು ಬಾ ಎಂಬುದು ಇನ್ನೊಂದು. ನಮ್ಮ ಕೇರಿಗೆ ಎರಡನೆಯದು ಬರಲಿಲ್ಲ. ಅದು ಬಾರದ್ದರಿಂದ ಮೊದಲನೆಯದು ಬಂದದ್ದೂ ತಿಳಿಯಲಿಲ್ಲ.

ತಿಳಿದು ದೊಡ್ಡಪ್ಪ ಅರ್ಜಿ ಹಾಕುವ ಹೊತ್ತಿಗೆ ದಶಕಗಳೇ ಕಳೆದಿದ್ದವು. 2017ರಲ್ಲಿ ಸುಪ್ರೀಂ ಕೋರ್ಟು ಒಂದು ಪ್ರಕರಣದಲ್ಲಿ, ಈ ಕಾಯಿದೆಯ ಕೆಳಗೆ ಬಹಳ ವರ್ಷ ತಡವಾಗಿ ಬಂದ ಅರ್ಜಿ ನಿಲ್ಲದು ಎಂದಿತು. 2018ರಲ್ಲಿ ನಮ್ಮ ಅರ್ಜಿಯೂ ತಡ ಎಂಬ ಕಾರಣಕ್ಕೇ ಬಿದ್ದುಹೋಯಿತು. ತಡ ಯಾಕಾಯಿತು? ಓದು ಇಲ್ಲದ್ದಕ್ಕೆ ತಡವಾಯಿತು. ಓದು ಯಾಕಿರಲಿಲ್ಲ? ಅದನ್ನು ಯಾವ ಕೋರ್ಟೂ ಕೇಳಲಿಲ್ಲ.

ಆದೇಶದ ಕಾಗದ ಮನೆಗೆ ಬಂದಾಗ ದೊಡ್ಡಪ್ಪ ಸತ್ತು ಇಪ್ಪತ್ತು ದಿನವೂ ಆಗಿರಲಿಲ್ಲ. ನನಗೆ ಹದಿನೇಳು ವರ್ಷ, ಪಿಯುಸಿ. ದೊಡ್ಡವ್ವ ಮೂಲೆಯಲ್ಲಿ ಕೂತಿದ್ದಳು. ಕಾಗದ ಕೊಟ್ಟು, “ಏನು ಬರ್ದವ್ರೆ ನೋಡು ಮಗ” ಅಂದಳು. ನಾನು ಓದಿಕೊಂಡೆ. ಓದಿಕೊಂಡು, “ಇನ್ನೂ ವಿಚಾರಣೆ ನಡೀತಾ ಅದೆ ದೊಡ್ಡವ್ವ, ಮುಂದಕ್ಕೆ ಹಾಕವ್ರೆ” ಅಂದೆ. ಅವಳು ಕಾಗದ ಮಡಚಿ ಪ್ಲಾಸ್ಟಿಕ್ ಕವರಿಗೆ ಹಾಕಿ ಟ್ರಂಕಿನಲ್ಲಿ ಇಟ್ಟಳು.

ಅವಳ ಮೇಲಿನ ಕರುಣೆಯಿಂದ ಹಾಗೆ ಹೇಳಿದೆ ಅಂತ ಬಹಳ ದಿನ ಅಂದುಕೊಂಡೆ. ಅದರಲ್ಲಿ ಅರ್ಧ ನಿಜ. ಇನ್ನರ್ಧ, ಆ ಮಾತು ಕೇಳಿದಾಗಿನ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಇಂಥ ಆದೇಶದ ಮೇಲೆ ಮೂರು ತಿಂಗಳೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹೋಗಬಹುದು ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಕೇಳೋಣ ಅಂದರೆ ದೊಡ್ಡವ್ವನಿಗೆ ವಿಷಯವೇ ತಿಳಿದಿರಲಿಲ್ಲ. ಮೂರು ತಿಂಗಳು ಟ್ರಂಕಿನಲ್ಲೇ ಕಳೆಯಿತು.

ಡಿಗ್ರಿ ಮುಗಿಸಿ ಊರಿಗೆ ಬಂದು 2023ರಲ್ಲಿ ಅಂಬೇಡ್ಕರ್ ಭವನದಲ್ಲಿ ರಾತ್ರಿ ಶಾಲೆ ಶುರು ಮಾಡಿದೆ. ಹನ್ನೊಂದು ಜನ, ಅದರಲ್ಲಿ ಒಂಬತ್ತು ಹೆಂಗಸರು. ಕೂಲಿ ಮುಗಿಸಿ, ಒಲೆ ಮುಂದಿನ ಕೆಲಸ ಮುಗಿಸಿ ಬರುತ್ತಿದ್ದರು. ಹಗಲೆಲ್ಲ “ಬಾರ್ಲಾ, ಹೋಗ್ಲಾ” ಅನ್ನುತ್ತಿದ್ದವರು ಭವನದ ಬಾಗಿಲು ದಾಟಿದರೆ “ಮೇಷ್ಟ್ರೆ” ಅನ್ನತೊಡಗಿದರು. ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ಆಡಿಸಿದವರು, ನೀರು ಕುಡಿದು ಬರಲು ಎದ್ದು ನಿಂತು ನನ್ನ ಅಪ್ಪಣೆ ಕೇಳಿದರು. ಹಾಗೆ ಕೇಳಬೇಡಿ ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ. ಊರೊಳಗೆ ಒಂದು ಗೌರವದ ಮಾತು ಸಿಗದ ಕೇರಿಯ ಹುಡುಗನಿಗೆ ಆ “ಮೇಷ್ಟ್ರೆ” ಎಷ್ಟು ರುಚಿಯಾಗಿತ್ತು ಎಂಬುದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಮೊದಲನೇ ವಾರ ಬೋರ್ಡಿನ ಮೇಲೆ, ಅಕ್ಷರವಿಲ್ಲದ ಬಾಳು ಕತ್ತಲು ಅಂತ ಬರೆದು ಓದಿ ಹೇಳಿದೆ. ದೊಡ್ಡವ್ವ ಕೇಳಿದಳು: “ಅಕ್ಷರ ಬರೋಗಂಟ ನಾವೇನು ಕತ್ಲಲ್ಲಿದ್ವಾ? ನೀನು ಹುಟ್ದಾಗ ಹೊಕ್ಕಳ ಬಳ್ಳಿ ಕುಯ್ದೋಳು ನಾನು. ಯಾವ ಅಕ್ಷರ ನೋಡ್ಕಂಡು ಕುಯ್ದೆ ಮೇಷ್ಟ್ರೆ?” ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವಿನಲ್ಲಿ ಪ್ರಶ್ನೆ ತಪ್ಪಿಸಿಕೊಂಡೆ.

ಆದರೆ ಪ್ರಶ್ನೆ ಗಟ್ಟಿಯಾದದ್ದು. ಮಂಟೇಸ್ವಾಮಿಯ ಕಾವ್ಯವನ್ನು, ಮಲೆ ಮಾದೇಶ್ವರನ ಕಾವ್ಯವನ್ನು ರಾತ್ರಿಗಟ್ಟಲೆ ಹಾಡಿ ಉಳಿಸಿದವರಲ್ಲಿ ಎಷ್ಟೋ ಜನಕ್ಕೆ ಅಕ್ಷರವಿರಲಿಲ್ಲ. ಅಂಬೇಡ್ಕರರು 1928ರಲ್ಲಿ ಸೈಮನ್ ಆಯೋಗದ ಮುಂದೆ ವಯಸ್ಕರೆಲ್ಲರಿಗೂ ಮತ ಬೇಕು ಅಂತ ವಾದಿಸಿದಾಗ, ಓದು ಬಾರದವರಿಗೆ ಮತ ಯಾಕೆ ಅನ್ನುವವರು ಬೇಕಾದಷ್ಟಿದ್ದರು. ಅವರು ಆ ಮಾತನ್ನು ಒಪ್ಪಲಿಲ್ಲ. 1951–52ರ ಮೊದಲ ಚುನಾವಣೆಯಲ್ಲಿ ಓದು ಬಾರದ ಕೋಟ್ಯಂತರ ಜನ ಚಿಹ್ನೆ ನೋಡಿ ಮತ ಹಾಕಿದರು. ಅಂದರೆ ನಮ್ಮ ಸಂವಿಧಾನದ ಪ್ರಕಾರ ಮನುಷ್ಯ ಮನುಷ್ಯನಾಗಲು ಅಕ್ಷರಕ್ಕಾಗಿ ಕಾಯಬೇಕಿಲ್ಲ. ಇಷ್ಟು ಹೇಳಿ ನಿಲ್ಲಿಸಿದರೆ ಅದೂ ಮೋಸ. ಅಷ್ಟು ದೊಡ್ಡ ಕಾವ್ಯ ನೆನಪಿಟ್ಟುಕೊಂಡ ಜನರ ಹೆಬ್ಬೆಟ್ಟನ್ನು ಒಂದು ಸಣ್ಣ ಕಾಗದ ತಿಂದುಹಾಕಿತು. ತಾತನ ತಿಳಿವಳಿಕೆ ತಾತನ ಜಮೀನು ಉಳಿಸಲಿಲ್ಲ.

ಹಾಗಾದರೆ ಅಕ್ಷರ ಕೊಡುವುದೇನು? ಉತ್ತರ ನನಗೆ ಸಿಕ್ಕಿದ್ದು ಎಂಟನೇ ತಿಂಗಳಲ್ಲಿ. ಒಂದು ರಾತ್ರಿ ದೊಡ್ಡವ್ವ ಆ ಪ್ಲಾಸ್ಟಿಕ್ ಕವರು ತಂದಳು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು: “ವ-ಜಾ-ಗೊ-ಳಿ-ಸ-ಲಾ-ಗಿ-ದೆ. ವಜಾ ಅಂದ್ರೇನು ಮೇಷ್ಟ್ರೆ?” ನನ್ನ ಬಾಯಿ ಒಣಗಿತು. ಪಕ್ಕದಲ್ಲಿದ್ದವಳು, “ಕೆಲಸದಿಂದ ವಜಾ ಮಾಡುದ್ರು ಅಂತಾರಲ್ಲ, ತೆಗೆದುಹಾಕೋದು” ಅಂದಳು. ದೊಡ್ಡವ್ವ ತಾರೀಕು ಓದಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

“ಅವತ್ತು ಇದ ಓದ್ದೋನು ನೀನಲ್ವಾ? ಯಾಕ್ಲಾ ಮಗ?”

“ನಿಂಗೆ ನೋವಾಗ್ತದೆ ಅಂತ, ದೊಡ್ಡವ್ವ.”

“ನೋವು ನಂದು. ಅದ ನೀನ್ಯಾಕ್ಲಾ ಮಡಿಕ್ಕಂಡಿದ್ದೆ?”

ಅವಳು ಎಂಟು ದಿನ ಶಾಲೆಗೆ ಬರಲಿಲ್ಲ.

ಗೆಳೆಯರೆ, ಆ ಎಂಟು ದಿನ ನಾನು ಯೋಚಿಸಿದ್ದು ಇಷ್ಟು. ತಾತನಿಗೆ ಸುಳ್ಳು ಓದಿದವನು ಮೇಲುಜಾತಿಯವನು, ದುರಾಸೆಯವನು. ದೊಡ್ಡವ್ವನಿಗೆ ಸುಳ್ಳು ಓದಿದವನು ಅವಳ ಮಗನಂಥವನು, ಪ್ರೀತಿಯವನು. ಉದ್ದೇಶದಲ್ಲಿ ಆಕಾಶ ಭೂಮಿಯ ಅಂತರ. ಆದರೆ ಕಾಗದದ ಎದುರು ಕೂತ ಇಬ್ಬರ ಸ್ಥಿತಿಯೂ ಒಂದೇ. ಇಬ್ಬರೂ ಇನ್ನೊಬ್ಬರ ಬಾಯನ್ನೇ ನಂಬಬೇಕಾಗಿತ್ತು. ಶಾನುಭೋಗಿಕೆ 1961ರ ಕಾನೂನಿನಲ್ಲಿ ರದ್ದಾಯಿತು ಅಂತ ಪರೀಕ್ಷೆಗೆ ಓದಿದ್ದೆ. ರದ್ದಾಗಿರಲಿಲ್ಲ. ನಮ್ಮ ಕೇರಿಯ ಶಾನುಭೋಗ ನಾನೇ ಆಗಿದ್ದೆ. ಸಂಬಳವಿಲ್ಲ, ಲಂಚವಿಲ್ಲ, ಕೆಟ್ಟ ಮನಸ್ಸಿಲ್ಲ. ಆದರೂ ಕಾಗದಕ್ಕೂ ಮನುಷ್ಯರಿಗೂ ನಡುವೆ ನಿಂತವನು. ದೊಡ್ಡವ್ವ ಒಂದೊಂದು ಅಕ್ಷರ ಕಲಿತಾಗಲೂ ನನ್ನೊಳಗೆ ಏನೋ ಒಂದು ಕಡಿಮೆಯಾಗುತ್ತಿತ್ತು, ಅದಕ್ಕೆ ಸಂತೋಷದ ಜೊತೆ ಸಣ್ಣ ಸಂಕಟವೂ ಆಗುತ್ತಿತ್ತು. ಆ ಸಂಕಟದ ಹೆಸರು ಆಗ ತಿಳಿಯಿತು.

ಜೋತಿಬಾ ಫುಲೆ 1855ರಲ್ಲಿ ‘ತೃತೀಯ ರತ್ನ’ ಎಂಬ ನಾಟಕ ಬರೆದರು. ಪುರೋಹಿತನೊಬ್ಬ ಗ್ರಹಗತಿಯ ಹೆಸರಲ್ಲಿ ರೈತ ಗಂಡಹೆಂಡತಿಯನ್ನು ಸುಲಿಯುತ್ತಾನೆ. ಕೊನೆಗೆ ಆ ಇಬ್ಬರೂ ಫುಲೆ ದಂಪತಿಗಳು ನಡೆಸುವ ರಾತ್ರಿ ಶಾಲೆಗೆ ಸೇರುವ ತೀರ್ಮಾನ ಮಾಡುತ್ತಾರೆ. ಪುಣೆಯಲ್ಲಿ ಜೋತಿಬಾ, ಸಾವಿತ್ರಿಬಾಯಿ ದುಡಿಯುವ ಜನಕ್ಕಾಗಿ ಅಂಥ ಶಾಲೆ ನಡೆಸಿದ್ದರು ಕೂಡ. ಅವರು ಶಾಲೆಗೆ ಹೋಗುವುದು ತಾವು ದಡ್ಡರು ಅಂತ ಅಲ್ಲ, ತಮಗೆ ಮೋಸವಾಗಿದೆ ಅಂತ. ದಡ್ಡ ಅಂದುಕೊಂಡು ಕಲಿಯಲು ಕೂತವನು ಗುರುವಿನ ಕಾಲು ಹಿಡಿಯುತ್ತಾನೆ. ಮೋಸವಾಗಿದೆ ಅಂತ ಕೂತವನು ಗುರುವನ್ನೂ ಒಂದು ಕಣ್ಣಿಟ್ಟು ನೋಡುತ್ತಾನೆ.

ದೂರದ ಬ್ರೆಜಿಲಿನಲ್ಲಿ ಆ ಕಣ್ಣಿಗೇ ಹೆದರಿದರು. ಅಲ್ಲಿ ಆಗ ಓದು ಬಾರದವರಿಗೆ ಮತವಿರಲಿಲ್ಲ. ಪಾವ್ಲೊ ಫ್ರೇರೆ 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು ಮುನ್ನೂರು ಕೂಲಿಕಾರರಿಗೆ ನಲವತ್ತು ಗಂಟೆಗಳ ಪಾಠದಲ್ಲಿ ಓದು ಕಲಿಸಿದರು. ಕೂಲಿಕಾರರ ಬಾಯಲ್ಲಿದ್ದ ಮಾತುಗಳಿಂದಲೇ ಪಾಠ ಕಟ್ಟಿದರು. ಮರುವರ್ಷ ಸೈನ್ಯ ಅಧಿಕಾರ ಹಿಡಿಯಿತು, ಫ್ರೇರೆಯನ್ನು ಜೈಲಿಗೆ ಹಾಕಿತು, ಅವರು ದೇಶ ಬಿಡಬೇಕಾಯಿತು. ಅಕ್ಷರ ಬರೀ ದೀಪವಾಗಿದ್ದರೆ ಸೈನ್ಯ ಯಾಕೆ ಹೆದರಬೇಕಿತ್ತು?

ನಾವು ಏಕಲವ್ಯನ ಕತೆ ಹೇಳುವಾಗ ದ್ರೋಣನನ್ನು ಬಯ್ಯುತ್ತೇವೆ. ಬಯ್ಯಬೇಕಾದದ್ದೇ. ಆದರೆ ಶಿಷ್ಯನ ಬೆರಳು ಕೇಳುವ ಗುರು ಹೊರಗಿನವನೇ ಆಗಿರಬೇಕಿಲ್ಲ. ನನ್ನನ್ನು ಪ್ರಶ್ನೆ ಕೇಳಬೇಡ, ನಾನು ಓದಿದ್ದೇ ಸರಿ, ನಿನ್ನ ಒಳ್ಳೆಯದು ನನಗೆ ಗೊತ್ತು ಅನ್ನುವ ನಮ್ಮವನೂ ಕೇಳುವುದು ಬೆರಳನ್ನೇ.

ಇದಕ್ಕೆ ಎದುರು ಮಾತೂ ಇದೆ. ಕಲಿಸುವವನಿಗೆ ಅಧಿಕಾರವೇ ಇಲ್ಲವೇ? ಕ ಅನ್ನುವುದು ಕ ಹೌದೋ ಅಲ್ಲವೋ ಅಂತ ಚರ್ಚೆ ಮಾಡಿಕೊಂಡು ಕೂರಲಾಗುತ್ತದೆಯೇ? ಇಲ್ಲ. ಅಕ್ಷರದ ಆಕಾರದ ಮೇಲೆ ಮೇಷ್ಟ್ರಿಗೆ ಪೂರ್ತಿ ಅಧಿಕಾರವಿದೆ. ತಪ್ಪು ಬರೆದರೆ ತಪ್ಪು ಅನ್ನಲೇಬೇಕು. ಆದರೆ ಆ ಅಧಿಕಾರ ಅಕ್ಷರದ ಗೆರೆ ಮುಗಿಯುವಲ್ಲಿಗೆ ಮುಗಿಯಬೇಕು. ಅಕ್ಷರದಿಂದ ಏನು ಓದಬೇಕು, ಯಾವ ನೋವು ತಿಳಿಯಬೇಕು, ತಿಳಿದು ಏನು ಮಾಡಬೇಕು ಎಂಬುದು ಅವರದು. ವಯಸ್ಕರ ಶಿಕ್ಷಣ ಎಂಬ ಮಾತಿನಲ್ಲಿ ಶಿಕ್ಷಣವನ್ನು ಎಲ್ಲರೂ ಹಿಡಿದುಕೊಂಡೆವು, ವಯಸ್ಕ ಎಂಬುದನ್ನು ಕೈಬಿಟ್ಟೆವು. ಗಂಡನನ್ನು ಮಣ್ಣು ಮಾಡಿ, ಮಕ್ಕಳನ್ನು ಸಾಕಿ, ಸಾಲ ತೀರಿಸಿದ ಹೆಂಗಸು ನಮ್ಮ ಬೋರ್ಡಿನ ಮುಂದೆ ಮಗುವಾಗಬೇಕು ಅಂತ ಬಯಸುತ್ತೇವೆ. ಮಗುವಿಗೆ ಹೇಳುವ ಸುಳ್ಳನ್ನೇ ಹೇಳುತ್ತೇವೆ.

ಅಕ್ಷರ ಕಲಿತು ದೊಡ್ಡವ್ವ ಬೇರೆಯವಳಾದಳೇ? ಆಗಲಿಲ್ಲ. ಅದೇ ಬಾಯಿ, ಅದೇ ಸಿಟ್ಟು, ಅದೇ ಎಲೆಅಡಿಕೆ ಚೀಲ. ಬದಲಾದದ್ದು ಅವಳು ನಿಂತ ಜಾಗ. ಮೊದಲು ಅವಳು ನನ್ನ ಬಾಯಿಯ ಆ ಕಡೆ ಇದ್ದಳು. ಈಗ ಕಾಗದದ ಎದುರೇ ಇದ್ದಾಳೆ, ಅಲ್ಲಿಂದ ನನ್ನನ್ನೂ ಓದುತ್ತಾಳೆ. ನನ್ನ ಶಾಲೆ ಏನನ್ನಾದರೂ ಕಲಿಸಿದೆ ಎಂಬುದಕ್ಕೆ ಅವಳು ನನ್ನನ್ನು ಸುಳ್ಳುಗಾರ ಅಂತ ಹಿಡಿದ ಆ ರಾತ್ರಿಗಿಂತ ಬೇರೆ ಪುರಾವೆ ನನ್ನ ಹತ್ತಿರ ಇಲ್ಲ.

ಒಂಬತ್ತನೇ ದಿನ ಬಂದಳು. ಸುಮ್ಮನೆ ತನ್ನ ಜಾಗದಲ್ಲಿ ಕೂತು ಸ್ಲೇಟು ತೆಗೆದಳು. ಅವತ್ತಿಂದ ಮೇಷ್ಟ್ರೆ ಅನ್ನಲಿಲ್ಲ, ಇವತ್ತಿಗೂ ಅನ್ನುವುದಿಲ್ಲ. ಹೆಸರು ಹಿಡಿದು ಕೂಗುತ್ತಾಳೆ. ಕ್ಷಮಿಸಿದೆ ಅಂತಲೂ ಅನ್ನಲಿಲ್ಲ, ನಾನೂ ಕೇಳಲಿಲ್ಲ. ನೀರು ಕುಡಿಯಲು ಈಗ ಯಾರೂ ಅಪ್ಪಣೆ ಕೇಳುವುದಿಲ್ಲ.

2023ರಲ್ಲಿ ಪಿಟಿಸಿಎಲ್ ಕಾಯಿದೆಗೆ ತಿದ್ದುಪಡಿ ಬಂದು, ಅರ್ಜಿ ಹಾಕಲು ಕಾಲಮಿತಿ ಇಲ್ಲ ಅಂತಾಗಿತ್ತು. ಮುಗಿದುಹೋದ ನಮ್ಮ ಕೇಸು ಮತ್ತೆ ತೆರೆಯುತ್ತದೆಯೇ ಅಂತ ಇಬ್ಬರು ವಕೀಲರನ್ನು ಕೇಳಿದೆವು, ಇಬ್ಬರೂ ಒಂದೊಂದು ಮಾತು ಹೇಳಿದರು. ಕೇಳಿ ನೋಡೋಣ ಅಂತ ದೊಡ್ಡವ್ವ ತಾನೇ ಅರ್ಜಿ ಬರೆಯಲು ಕೂತಳು. ಮೂರು ರಾತ್ರಿ ಬರೆದಳು. ಒತ್ತಕ್ಷರ ತಪ್ಪಿದ್ದಲ್ಲಿ ತಿದ್ದಿಕೊಟ್ಟೆ, ತಿದ್ದಿಸಿಕೊಂಡಳು. ಕೊನೆಯಲ್ಲಿ ರೂಢಿಯಂತೆ ‘ತಮ್ಮ ವಿಧೇಯಳು’ ಅಂತ ಹಾಕು ಅಂದೆ.

“ವಿಧೇಯಳು ಅಂದ್ರೆ?”

“ಹೇಳ್ದಂಗೆ ಕೇಳೋಳು ಅಂತ.”

“ಹಂಗಾರೆ ಬ್ಯಾಡ” ಅಂದು, ಅದರ ಜಾಗದಲ್ಲಿ ‘ಜಮೀನಿನವಳು’ ಅಂತ ಬರೆದು ಕೆಳಗೆ ರುಜು ಹಾಕಿದಳು. ಆಫೀಸಿನಲ್ಲಿ ಇದಕ್ಕೆ ನಗುತ್ತಾರೆ ಅಂತ ಹೇಳಬೇಕೆನಿಸಿತು. ಹೇಳಿದೆ. “ನಗ್ಲಿ” ಅಂದಳು. ಅರ್ಜಿ ಹಾಗೇ ಹೋಗಿದೆ.